ತಾರಸಿಯ ಮೇಲಿನ ಹನಿಯ ಜಾಡು ಹಿಡಿದು

ಮೈಸೂರಿನ ನಮ್ಮ ಮನೆಯ ತಾರಸಿಯಲ್ಲಿರುವುದು 200 ಲೀಟರಿನ, ಗಾಜಿನ ಕೊಳವೆಗಳ ಸೋಲಾರ್ ವಾಟರ್ ಹೀಟರ್. ಕಳೆದ ಚಳಿಗಾಲದಲ್ಲಿ ಅದರ ಟ್ಯಾಂಕಿನ ಹೊಟ್ಟೆಯಿಂದ ಹನಿ ಬೀಳಲು ತೊಡಗಿತು. ಕೆಳಗಿನ ನೆಲ ಪಾಚಿ ಕಟ್ಟಿ ಜಾರುತ್ತಿತ್ತು, ಅಂಚಿನಲ್ಲಿ ಬೋರ್‌ವೆಲ್ ನೀರಿನ ಬಿಳಿ ಉಪ್ಪು. ಕರೆಸಿದ ಪ್ಲಂಬರ್ ಮೊದಲು ಕೇಳಿದ್ದು, "ಮೇಡಂ, ಸಾರ್ ಇಲ್ಲವೇ?" ಎಂದು. ನಲ್ಲಿಗೂ ವಾಲ್ವಿಗೂ ವ್ಯತ್ಯಾಸ ತಿಳಿಯದ ನಮ್ಮ ಯಜಮಾನರನ್ನು ಕರೆದೆ. "ಒಳಗಿನ ಟ್ಯಾಂಕೇ ತೂತಾಗಿದೆ ಸಾರ್, ಹೊಸದು ಹಾಕಿಸಿಬಿಡಿ" ಎಂದು ಅವರಿಗೆ ತೀರ್ಪು ಕೊಟ್ಟು ಹೊರಟುಹೋದ. ಟ್ಯಾಂಕನ್ನು ಮುಟ್ಟಿಯೂ ನೋಡಿರಲಿಲ್ಲ. ಅಷ್ಟು ಹಣ ಸುರಿಯುವ ಮೊದಲು ನಾನೇ ಒಮ್ಮೆ ನೋಡುವುದೆಂದು ನಿರ್ಧರಿಸಿದೆ.

ಇಂಥ ಟ್ಯಾಂಕಿಗೆ ಎರಡು ಪದರ. ಒಳಗಿನದು ನೀರು ತುಂಬುವ ಟ್ಯಾಂಕು, ಹೊರಗಿನದು ತಗಡಿನ ಕವಚ, ನಡುವೆ ಬಿಸಿ ಹಿಡಿದಿಡುವ ಫೋಮ್. ಒಳಟ್ಯಾಂಕು ತೂತಾದರೆ ನೀರು ಫೋಮಿನಲ್ಲಿ ಇಂಗಿ, ಕವಚದ ಕೂಡುಗೆರೆಯಿಂದ ಜಿನುಗುತ್ತದೆ. ಕೊಳವೆ ಟ್ಯಾಂಕಿನೊಳಗೆ ಹೋಗುವಲ್ಲಿರುವ ಸಿಲಿಕೋನ್ ರಿಂಗು ಸವೆದಿದ್ದರೆ ಆಯಾ ಕೊಳವೆಯ ಕುತ್ತಿಗೆಯಲ್ಲೇ ಒದ್ದೆ ಕಾಣಬೇಕು. ಎಲ್ಲವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಕೊಳವೆಗಳ ಕುತ್ತಿಗೆ, ಪೈಪಿನ ಜೋಡಣೆ, ಕೂಡುಗೆರೆ ಎಲ್ಲದರ ಮೇಲೂ ಒಣ ರಂಗೋಲಿ ಪುಡಿ ಉದುರಿಸಿದೆ. ಒಂದು ಹನಿ ಹರಿದರೂ ಪುಡಿಯಲ್ಲಿ ಗೆರೆ ಬೀಳುತ್ತದೆ. ಮರುದಿನ ಬೆಳಿಗ್ಗೆ ನೋಡಿದರೆ ಕುತ್ತಿಗೆಗಳ ಸುತ್ತ ಪುಡಿ ಹಾಕಿದಂತೆಯೇ ಇತ್ತು. ಗೆರೆ ಬಿದ್ದದ್ದು ಟ್ಯಾಂಕಿನ ಬೆನ್ನ ಮೇಲೆ. ಟ್ಯಾಂಕಿಗೆ ಗಾಳಿಯಾಡಲೆಂದು ಮೇಲಕ್ಕೆ ನಿಲ್ಲಿಸಿದ, ಬಾಯಿ ತೆರೆದ ಏರ್ ವೆಂಟ್ ಪೈಪಿನ ಬುಡದಿಂದ ಹೊರಟು, ಕವಚದ ಉಬ್ಬನ್ನು ಬಳಸಿ, ಹೊಟ್ಟೆಯ ತೀರ ಕೆಳಗಿನ ಬಿಂದುವಿಗೆ ಬಂದು ನಿಂತಿತ್ತು. ನೀರು ಬರುತ್ತಿದ್ದುದು ವೆಂಟ್ ಪೈಪಿನ ಮೇಲಿನ ಬಾಯಿಂದ. ಟ್ಯಾಂಕು ಬಚಾವು.

ಆ ಬಾಯಿಗೆ ಬಿರಡೆ ಜಡಿದರೆ ಆಯಿತಲ್ಲ ಎಂದವರೂ ಇದ್ದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಈ ಟ್ಯಾಂಕು ಒತ್ತಡ ತಡೆಯುವಂತೆ ಮಾಡಿದ್ದಲ್ಲ. ವೆಂಟ್ ಮುಚ್ಚಿದರೆ ಕಾದ ನೀರು ಹಿಗ್ಗಿದಾಗ ಒಳತಗಡು ಸೀಳಬಹುದು, ಬಿಸಿನೀರು ಎಳೆದುಕೊಂಡಾಗ ಗಾಳಿ ಸಿಗದೆ ಒಳಕ್ಕೆ ಕುಸಿಯಬಹುದು.

ವೆಂಟ್‌ನಿಂದ ನೀರು ಉಕ್ಕಲು ಸಾಮಾನ್ಯ ಕಾರಣವೆಂದರೆ ಅದರ ತುದಿ ತಣ್ಣೀರಿನ ಟ್ಯಾಂಕಿನ ತುಂಬುಮಟ್ಟಕ್ಕಿಂತ ಕೆಳಗಿರುವುದು. ಗಾರೆಯವರು ಬಳಸುವ ಪಾರದರ್ಶಕ ಲೆವೆಲ್ ಪೈಪಿನಿಂದ ಅಳೆದೆ. ತುದಿ ಒಂದಡಿಗೂ ಹೆಚ್ಚು ಮೇಲಿತ್ತು. ಹಾಗಾದರೆ ಬಿಸಿಗೆ ಹಿಗ್ಗಿದ ನೀರೇ? ಅದಕ್ಕೂ ಲೆಕ್ಕವಿದೆ. 25 ಡಿಗ್ರಿಯ ನೀರು 60 ಡಿಗ್ರಿಗೆ ಕಾದರೆ ಶೇಕಡಾ 1.4ರಷ್ಟು ಹಿಗ್ಗುತ್ತದೆ; 200 ಲೀಟರಿಗೆ ಸುಮಾರು 2.8 ಲೀಟರ್. ನಮ್ಮ ಸೋಲಾರಿನ ತಣ್ಣೀರು ಒಳಬರುವ ಕಡೆ, ಬಿಸಿನೀರು ಹಿಂದಕ್ಕೆ ಹೋಗದಿರಲೆಂದು ಎನ್‌ಆರ್‌ವಿ, ಅಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವು ಹಾಕಿದ್ದಾರೆ. ಹಿಗ್ಗಿದ ನೀರಿಗೆ ವೆಂಟ್ ಬಿಟ್ಟರೆ ಬೇರೆ ದಾರಿಯಿಲ್ಲ. ಹಾಗಾಗಿ ಬಿಸಿಲೇರುವ ಹೊತ್ತಿನಲ್ಲಿ ಒಂದಿಷ್ಟು ತೊಟ್ಟಿಕ್ಕುವುದು ರೋಗವಲ್ಲ. ನಮ್ಮದು ನಡುರಾತ್ರಿಯಲ್ಲೂ ತೊಟ್ಟಿಕ್ಕುತ್ತಿತ್ತು. ರಾತ್ರಿ ತಣಿಯುವ ನೀರು ಹಿಗ್ಗುವುದೆಲ್ಲಿಂದ ಬಂತು?

ಸುಳಿವು ಸಿಕ್ಕಿದ್ದು ಕಿವಿಗೆ. ಮಹಡಿಯಲ್ಲಿ ಷವರ್ ಜೋರಾಗಿ ಬರಲೆಂದು ಅಲ್ಲಿನ ತಣ್ಣೀರಿನ ಲೈನಿಗೆ ಮಾತ್ರ ಪ್ರೆಷರ್ ಪಂಪ್ ಕೂರಿಸಿದ್ದೆವು. ನಲ್ಲಿ ತಿರುಗಿಸಿದಾಗ ಒತ್ತಡ ಇಳಿದು ಅದು ತಾನೇ ಶುರುವಾಗುತ್ತದೆ. ಎಲ್ಲರೂ ಮಲಗಿರುವಾಗ, ಒಂದು ನಲ್ಲಿಯೂ ತೆರೆದಿಲ್ಲದಾಗ, ಅದು ಆಗಾಗ ಗುರ್ರೆಂದು ಸುಮ್ಮನಾಗುತ್ತಿತ್ತು. ಫ್ಲಷ್ ಟ್ಯಾಂಕ್ ಸೋರಿದರೂ ಹೀಗಾಗುತ್ತದೆ, ಆದ್ದರಿಂದ ಅದರ ಆ್ಯಂಗಲ್ ಕಾಕ್, ಅಂದರೆ ಗೋಡೆಯ ಬಳಿ ನೀರು ನಿಲ್ಲಿಸುವ ಪುಟ್ಟ ವಾಲ್ವು, ಮುಚ್ಚಿ ನೋಡಿದೆ. ಗುರ್ರೆನ್ನುವುದು ನಿಲ್ಲಲಿಲ್ಲ. ಬೆಳಗಿನ ಸ್ನಾನಕ್ಕೆ ನೀರು ಮೊದಲಿನಷ್ಟು ಬಿಸಿಯಿಲ್ಲವೆಂದು ಅತ್ತೆ ಗೊಣಗುತ್ತಿದ್ದುದನ್ನು ಚಳಿಯ ಲೆಕ್ಕಕ್ಕೆ ಹಾಕಿದ್ದೆವು. ಅದೂ ಈಗ ತಾಳೆಯಾಯಿತು. ಪಂಪಿನ ತಣ್ಣೀರು ಎಲ್ಲಿಯೋ ಬಿಸಿನೀರಿನ ಪೈಪಿಗೆ ನುಸುಳಿ, ಹಿಮ್ಮುಖವಾಗಿ ಸೋಲಾರ್ ಟ್ಯಾಂಕಿಗೆ ಏರುತ್ತಿತ್ತು. ಒಂದು ಬಾರ್ ಒತ್ತಡ ನೀರನ್ನು 10 ಮೀಟರ್ ಎತ್ತರಕ್ಕೆ ತಳ್ಳಬಲ್ಲದು. ಅದರ ಮುಂದೆ ವೆಂಟ್ ಪೈಪಿನ ಎತ್ತರ ಯಾವ ಲೆಕ್ಕ?

ರಾತ್ರಿ ಟಾರ್ಚ್ ಹಿಡಿದು ತಾರಸಿಗೆ ಹೋಗಿ, ಟ್ಯಾಂಕಿನಿಂದ ಮನೆಗಿಳಿಯುವ ಬಿಸಿನೀರಿನ ಗೇಟ್ ವಾಲ್ವ್ ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಹನಿ ನಿಂತಿತು. ನೀರು ಮನೆಯೊಳಗಿನಿಂದಲೇ ಬರುತ್ತಿದೆ ಎಂಬುದಕ್ಕೆ ಇನ್ನೇನು ಬೇಕು? ವಾಲ್ವ್ ಮತ್ತೆ ತೆರೆದು ಕೆಳಗಿಳಿದೆ. ನೆಲಮಹಡಿಯ ನಲ್ಲಿಗಳಿಗೆ ಪಂಪಿನ ಸಂಬಂಧವಿಲ್ಲ, ಅವನ್ನು ಬಿಟ್ಟೆ. ಮಹಡಿಯಲ್ಲಿ ಬಿಸಿ ಮತ್ತು ತಣ್ಣೀರು ಕೂಡುವುದು ಎರಡೇ ಕಡೆ: ಷವರಿನ ಮಿಕ್ಸರ್, ವಾಷ್‌ಬೇಸಿನ್ನಿನ ಒಂದೇ ಹಿಡಿಯ ಮಿಕ್ಸರ್. ಷವರಿನದು ಗೋಡೆಯೊಳಗೆ ಹುದುಗಿದೆ, ಟೈಲ್ಸ್ ಒಡೆಯುವ ಮಾತು ಬಂದೀತು. ಬೇಸಿನ್ನಿನದು ಸುಲಭ. ಅದರ ಬಿಸಿನೀರಿನ ಆ್ಯಂಗಲ್ ಕಾಕ್ ಮುಚ್ಚಿದೆ. ಪಂಪು ತೆಪ್ಪಗಾಯಿತು, ತಾರಸಿಯ ಹನಿಯೂ ನಿಂತಿತು.

ಆದರೂ ಕಣ್ಣಾರೆ ನೋಡದೆ ನಂಬುವವಳಲ್ಲ ನಾನು. ಮುಚ್ಚಿದ ಕಾಕ್‌ನಿಂದ ಬಿಸಿನೀರಿನ ಬಳುಕು ಪೈಪನ್ನು ಬಿಚ್ಚಿ, ತುದಿಯನ್ನು ಚೊಂಬಿನೊಳಗೆ ಇಳಿಬಿಟ್ಟೆ. ಮಿಕ್ಸರಿನ ಹಿಡಿ ಪೂರ್ತಿ ಮುಚ್ಚಿತ್ತು, ನಲ್ಲಿಯ ಬಾಯಿ ಒಣಗಿತ್ತು. ಬಿಸಿನೀರಿನ ಪೈಪಿನ ತುದಿಯಿಂದ ಮಾತ್ರ ತಣ್ಣೀರು ತೊಟತೊಟನೆ ಇಳಿಯುತ್ತಿತ್ತು!

ಯಜಮಾನರನ್ನು ಕರೆದು ತೋರಿಸಿದೆ. "ಒಳ್ಳೆಯದೇ ಆಯಿತು ಬಿಡು" ಎಂದರು. ಏನು ಒಳ್ಳೆಯದೋ.

ಒಂದೇ ಹಿಡಿಯ ಮಿಕ್ಸರಿನೊಳಗೆ ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಡ್ಜ್ ಇರುತ್ತದೆ. ಅದರ ಬುಡದಲ್ಲಿ ಬಿಸಿಗೊಂದು, ತಣ್ಣೀರಿಗೊಂದು ರಂಧ್ರ. ಎರಡರ ಸುತ್ತಲೂ ರಬ್ಬರಿನ ಸೀಲು. ಹಿಡಿ ತೆಗೆದು ಬಿಚ್ಚಿ ನೋಡಿದಾಗ ಸೀಲಿನ ಕೆಳಗೆ ಗಡಸು ನೀರಿನ ಸುಣ್ಣ ಕೂತು, ರಬ್ಬರು ಹಪ್ಪಳದಂತೆ ಬಿರುಸಾಗಿತ್ತು. ಸೀಲನ್ನಷ್ಟೇ ಬದಲಿಸುವ ಗೊಡವೆಗೆ ಹೋಗದೆ ಇಡೀ ಕಾರ್ಟ್ರಿಡ್ಜ್ ತಂದೆ. ಅಂಗಡಿಗೆ ಹಳೆಯದನ್ನೇ ಒಯ್ಯಬೇಕು. 35 ಮತ್ತು 40 ಮಿಲಿಮೀಟರಿನವು ನೋಡಲು ಒಂದೇ ಥರ, ಬುಡದ ಮೊಳೆಗಳ ಜಾಗವೂ ಕಂಪನಿಗೊಂದು ಬಗೆ. ಕೂರುವ ಜಾಗದ ಸುಣ್ಣವನ್ನು ವಿನಿಗರ್ ಹಾಕಿ ಉಜ್ಜಿ ತೆಗೆದು ಹೊಸದನ್ನು ಕೂರಿಸಿದೆ.

ಜೊತೆಗೆ, ಮಹಡಿಗೆ ಹೋಗುವ ಬಿಸಿನೀರಿನ ಲೈನಿಗೂ ಒಂದು ಎನ್‌ಆರ್‌ವಿ ಹಾಕಿಸಿದೆ, ಇನ್ನೊಂದು ಪ್ಲಂಬರಿನ ಕೈಯಲ್ಲಿ. ಸ್ಪ್ರಿಂಗಿನದು ಬೇಡ, ರೆಕ್ಕೆಯಂತೆ ತೆರೆಯುವ ಫ್ಲ್ಯಾಪಿನದೇ ಬೇಕೆಂದು ಹಟ ಹಿಡಿದೆ. ಸೋಲಾರಿನಿಂದ ಬರುವ ನೀರಿಗೆ ಎತ್ತರದ ಬಲವಷ್ಟೇ, ಸ್ಪ್ರಿಂಗನ್ನು ತಳ್ಳಿಕೊಂಡು ಬರುವಷ್ಟರಲ್ಲಿ ಅದು ಸೊರಗುತ್ತದೆ. ಆತ ಬಾಣದ ಗುರುತು ನೋಡಿ, ಸರಿಯಾದ ದಿಕ್ಕಿಗೇ ಕೂರಿಸಿದ. ಹೋಗುವಾಗ ಅವನೂ ಹಣ ಕೇಳಿದ್ದು ಯಜಮಾನರನ್ನೇ.