ಚೀನಿಕಾಯಿ ಬೀಜ ಮಲಗಿಸಿ ಹಾಕಿ, ಟೊಪ್ಪಿ ತಾನಾಗಿ ಕಳಚುತ್ತದೆ

ಕೊದ್ದೆಲಿಗೆ ಅಂತ ಚೀನಿಕಾಯಿ ಹೆಚ್ಚುವಾಗ ಒಳಗಿನ ಬೀಜವನ್ನು ಸಿಪ್ಪೆ ಜೊತೆ ಬಿಸಾಡಬೇಡಿ. ಕಾಯಿ ಚೆನ್ನಾಗಿ ಬೆಳೆದಿದ್ದರೆ, ತೊಟ್ಟು ಒಣಗಿ ಕಟ್ಟಿಗೆ ಹಾಗೆ ಗಟ್ಟಿಯಾಗಿದ್ದರೆ, ಆ ಬೀಜ ಖಂಡಿತ ಹುಟ್ಟುತ್ತದೆ. ತುಳುವಿನಲ್ಲಿ ಕೆಂಬುಡೆ, ಘಟ್ಟದ ಮೇಲೆ ಸಿಹಿ ಕುಂಬಳ, ನಮಗೆ ಚೀನಿಕಾಯಿ. ಹೆಸರಲ್ಲಿ ಚೀನಿ ಇದ್ದರೂ ಇದರ ತವರು ಅಮೆರಿಕ ಖಂಡ.

ಬೀಜಕ್ಕೆ ಅಂಟಿದ ನಾರು, ಲೋಳೆ ಹೋಗುವ ಹಾಗೆ ತೊಳೆಯಿರಿ. ನೆರಳಲ್ಲಿ ಒಂದು ವಾರ ಒಣಗಿಸಿ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಒತ್ತಿ ನೋಡಿದರೆ ಗೊತ್ತಾಗುತ್ತದೆ, ತುಂಬಿದ ಬೀಜ ಗಟ್ಟಿ, ಜೊಳ್ಳು ಬೀಜ ಚಪ್ಪಟೆಯಾಗಿ ಬಾಗುತ್ತದೆ. ಹಿಂದೆ ಮನೆಗಳಲ್ಲಿ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ಅಂಟಿಸಿ ಇಡುತ್ತಿದ್ದರು. ಈಗ ಬೂದಿ ಬೆರೆಸಿ ಡಬ್ಬಿಯಲ್ಲಿಟ್ಟರೂ ಸಾಕು. ಬೀಜ ಕೊಂಡು ತರುವುದಾದರೆ ಬೆಂಗಳೂರಿನ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಚಂದನ್, ಅರ್ಕಾ ಸೂರ್ಯಮುಖಿ ತಳಿಗಳಿವೆ.

ನಮ್ಮ ಕಡೆ ಹಾಕುವ ಹೊತ್ತು ಎರಡು. ಮಳೆಗೆ ಮುಂಚೆ, ಮೇ ಕೊನೆಯಲ್ಲಿ, ತುಳುವರ ಪತ್ತನಾಜೆ ದಿನದ ಆಸುಪಾಸು. ಇಲ್ಲದಿದ್ದರೆ ಮಳೆ ಪೂರ್ತಿ ಬಿಟ್ಟ ಮೇಲೆ, ದೀಪಾವಳಿ ಕಳೆದು. ಮೊದಲ ಸಲ ಹಾಕುವವರಿಗೆ ನಾನು ಎರಡನೆಯದನ್ನೇ ಹೇಳುತ್ತೇನೆ. ಜಡಿಮಳೆಯಲ್ಲಿ ಎಳೆ ಸಸಿಯ ಬುಡ ಕೊಳೆಯುವುದು ಜಾಸ್ತಿ. ಬೆಚ್ಚಗಿರುವುದಂತೂ ಇಲ್ಲಿ ವರ್ಷವಿಡೀ ಇದೆ. ಬೀಜಕ್ಕೆ ಬೇಕಾದ್ದು ಸುಮಾರು 25ರಿಂದ 35 ಡಿಗ್ರಿ, ಅದು ಮಂಗಳೂರು, ಉಡುಪಿಯಲ್ಲಿ ಕೇಳದೆ ಸಿಗುತ್ತದೆ ಅಲ್ವಾ.

ಚೀನಿಕಾಯಿ ಬೇರಿಗೆ ಕಿತ್ತು ನೆಡುವುದು ಆಗಿಬರುವುದಿಲ್ಲ. ಹಾಗಾಗಿ ನಾನು ಹಲಸಿನ ಎಲೆಯ ಕೊಟ್ಟೆ ಕಟ್ಟುತ್ತೇನೆ, ಕಡುಬಿಗೆ ಕಟ್ಟುವ ಹಾಗೆಯೇ, ಸ್ವಲ್ಪ ದೊಡ್ಡದು. ತಳಕ್ಕೆ ಎರಡು ತೂತು. ಒಳಗೆ ಸುಡುಮಣ್ಣು, ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ನಮ್ಮ ಕೆಂಪು ಮಣ್ಣು, ಮೂರೂ ಸಮಸಮ. ಆಮೇಲೆ ಕೊಟ್ಟೆ ಸಮೇತ ಹೊಂಡಕ್ಕೆ ಇಳಿಸಿದರಾಯಿತು, ಎಲೆ ಅಲ್ಲೇ ಕರಗಿ ಗೊಬ್ಬರವಾಗುತ್ತದೆ.

ಬೀಜವನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಕೊಟ್ಟೆಯಲ್ಲಿ ಒಂದು ಇಂಚು ಆಳಕ್ಕೆ ಹಾಕಿ. ಹೇಗೆ ಹಾಕುವುದು ಅನ್ನುವುದೇ ಮುಖ್ಯ: ಚಪ್ಪಟೆಯಾಗಿ ಮಲಗಿಸಿ. ಚೂಪು ತುದಿ ಮೇಲೋ ಕೆಳಗೋ ಅಂತ ನಿಲ್ಲಿಸಲು ಹೋಗಬೇಡಿ.

ಯಾಕೆ ಅಂತ ಕಣ್ಣಾರೆ ನೋಡಬೇಕಾದರೆ ಒದ್ದೆ ಬಟ್ಟೆಯ ಮೇಲೆ ನಾಲ್ಕು ಬೀಜ ಮಲಗಿಸಿ ಮುಚ್ಚಿಡಿ. ಎರಡು ಮೂರು ದಿನಕ್ಕೆ ಚೂಪು ತುದಿ ಬಿರಿದು ಬಿಳಿ ಬೇರು ಹೊರಬರುತ್ತದೆ, ಬಂದ ಕೂಡಲೇ ಕೆಳಕ್ಕೆ ಬಾಗುತ್ತದೆ. ಬೇರು ಮುಗಿದು ದಂಟು ಶುರುವಾಗುವ ಜಾಗದಲ್ಲಿ, ಬಾಗಿನ ಒಳಬದಿಗೆ, ಒಂದು ಸಣ್ಣ ಗೂಟ ಮೂಡುತ್ತದೆ, ಅಕ್ಕಿನುಚ್ಚಿನಷ್ಟು. ಅದು ಬೀಜದ ಕೆಳಗಿನ ಸಿಪ್ಪೆಯನ್ನು ಒತ್ತಿ ಹಿಡಿಯುತ್ತದೆ. ಅಷ್ಟರಲ್ಲಿ ದಂಟು ಕೊಡೆಯ ಹಿಡಿಯಂತೆ ಬಾಗಿಕೊಂಡು ಮೇಲಕ್ಕೆ ಎಳೆಯುತ್ತದೆ. ಒಂದು ಕಾಲಿನಿಂದ ಇನ್ನೊಂದು ಕಾಲಿನ ಶೂವಿನ ಹಿಮ್ಮಡಿ ಒತ್ತಿ ಹಿಡಿದು ಶೂ ಕಳಚುತ್ತೇವಲ್ಲ, ಹಾಗೆ. ಸಿಪ್ಪೆ ಮಣ್ಣಲ್ಲೇ ಉಳಿಯುತ್ತದೆ, ಒಳಗಿನ ಎರಡು ಬೇಳೆ ಮಾತ್ರ ಜಾರಿ ಹೊರಗೆ ಬರುತ್ತವೆ.

ಈ ಗೂಟದ ಕೆಲಸವನ್ನು ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಗಮನಿಸಿ 1880ರಲ್ಲೇ ಬರೆದಿದ್ದಾನೆ. ಗೂಟ ಯಾವ ಬದಿಗೆ ಮೂಡಬೇಕೆಂದು ತೀರ್ಮಾನಿಸುವುದು ಭೂಮಿಯ ಸೆಳೆತ. 1998ರಲ್ಲಿ ಡಿಸ್ಕವರಿ ಬಾಹ್ಯಾಕಾಶ ನೌಕೆಯಲ್ಲಿ ಇದೇ ಕುಟುಂಬದ ಸೌತೆ ಬೀಜ ಮೊಳೆಯಿಸಿ ನೋಡಿದರು. ತೂಕವೇ ಇಲ್ಲದ ಅಲ್ಲಿ ಗೂಟ ಎರಡೂ ಬದಿಗೆ ಮೂಡಿತ್ತು! ಬೀಜ ಮಲಗಿದ್ದರೆ ಮಾತ್ರ ಗೂಟಕ್ಕೆ ಸಿಪ್ಪೆ ಸರಿಯಾಗಿ ಸಿಗುತ್ತದೆ. ನಿಲ್ಲಿಸಿ ಹಾಕಿದರೆ ಹಿಡಿತ ತಪ್ಪಿ, ಸಸಿ ಸಿಪ್ಪೆಯನ್ನು ಟೊಪ್ಪಿಯಂತೆ ತಲೆಯ ಮೇಲೆ ಹೊತ್ತುಕೊಂಡೇ ಮೇಲೆ ಬರುವುದುಂಟು.

ಅಂಥ ಟೊಪ್ಪಿಯನ್ನು ದಯವಿಟ್ಟು ಕೈಯಿಂದ ಕೀಳಬೇಡಿ. ನಾನು ಒಮ್ಮೆ ಕಿತ್ತೆ, ಎರಡೂ ಬೇಳೆಯ ತುದಿ ಸಿಪ್ಪೆಯ ಜೊತೆಗೇ ಹರಿದು ಬಂತು. ಆ ಸಸಿ ತಿಂಗಳಾದರೂ ಏಳಲಿಲ್ಲ. ಯಾಕಂದರೆ ಮೊದಲ ದಿನಗಳ ಊಟವೆಲ್ಲ ಆ ಬೇಳೆಗಳಲ್ಲೇ ಇರುತ್ತದೆ. ಸಂಜೆ ಟೊಪ್ಪಿಯ ಮೇಲೆ ಎರಡು ಹನಿ ನೀರು ಬಿಡಿ, ಒದ್ದೆ ಹತ್ತಿ ಸುತ್ತಿ ಅರ್ಧ ಗಂಟೆ ಬಿಡಿ. ಸಿಪ್ಪೆ ಮೆತ್ತಗಾದರೆ ಹೆಚ್ಚಾಗಿ ಬೆಳಗಾಗುವಷ್ಟರಲ್ಲಿ ತಾನಾಗಿ ಬಿದ್ದಿರುತ್ತದೆ.

ಐದರಿಂದ ಏಳು ದಿನಕ್ಕೆ ಸಸಿ ಮಣ್ಣಿನ ಮೇಲೆ ಕಾಣುತ್ತದೆ. ಬೇಳೆ ಎರಡೂ ಅಗಲವಾಗಿ, ನುಣುಪಾಗಿ, ದಪ್ಪಗೆ ಹಸಿರಾಗುತ್ತವೆ. ಅವು ಚೀನಿಕಾಯಿ ಎಲೆಯ ಹಾಗೆ ಇಲ್ಲವಲ್ಲ ಅಂತ ಗಾಬರಿ ಬೇಡ. ಮತ್ತೊಂದು ವಾರದಲ್ಲಿ ನಡುವಿನಿಂದ ರೋಮ ರೋಮದ ಒರಟು ಎಲೆ ಮಡಚಿಕೊಂಡು ಬರುತ್ತದೆ, ಅದೇ ನಿಜವಾದ ಮೊದಲ ಎಲೆ. ದಂಟು ಸಪೂರವಾಗಿ ಉದ್ದ ಹೋಗುತ್ತಿದ್ದರೆ ಬಿಸಿಲು ಸಾಲದು ಅಂತ ಅರ್ಥ, ಜಗಲಿಯಿಂದ ಅಂಗಳಕ್ಕೆ ತನ್ನಿ. ನೀರು ಬೆಳಿಗ್ಗೆ ಮಾತ್ರ, ಮೇಲ್ಮಣ್ಣು ಒಣಗಿದ ಮೇಲೆ.

ಈ ಹೊತ್ತಿಗೇ ಕಿತ್ತಳೆ ಕೆಂಪು ಬಣ್ಣದ ಪುಟ್ಟ ದುಂಬಿಗಳು ಬರುತ್ತವೆ, ಬೇಳೆಯೆಲೆಯನ್ನು ತೂತು ತೂತು ಮಾಡುತ್ತವೆ. ಎಲೆಯ ಮೇಲೆ ಇಬ್ಬನಿ ಇರುವಾಗಲೇ ಬಚ್ಚಲ ಒಲೆಯ ಬೂದಿಯನ್ನು ತೆಳ್ಳಗೆ ಉದುರಿಸಿ. ಬೆಳಿಗ್ಗೆ ಬೇಗ ಹೋದರೆ ದುಂಬಿ ಮಂಕಾಗಿ ಕೂತಿರುತ್ತದೆ, ಕೈಯಲ್ಲೇ ಹಿಡಿಯಬಹುದು.

ಎರಡನೇ ಒರಟು ಎಲೆ ಬಿಚ್ಚಿದಾಗ ಹೊಂಡಕ್ಕೆ ಇಳಿಸಿ. ಹೊಂಡ ಒಂದೂವರೆ ಅಡಿ ಅಗಲ, ಅಷ್ಟೇ ಆಳ, ಅರ್ಧ ಬುಟ್ಟಿ ಹಟ್ಟಿಗೊಬ್ಬರ, ಮೇಲೊಂದಿಷ್ಟು ತರಗೆಲೆ. ಹೊಂಡದಿಂದ ಹೊಂಡಕ್ಕೆ ಏಳೆಂಟು ಅಡಿಯಾದರೂ ಬೇಕು, ಬಳ್ಳಿ ಗದ್ದೆಯ ಹುಣಿ ಹತ್ತಿ ಆಚೆಗೂ ಹೋಗುತ್ತದೆ. ಒಂದು ಹೊಂಡಕ್ಕೆ ಎರಡು ಸಸಿ ಇಟ್ಟು, ಹತ್ತು ದಿನದ ಮೇಲೆ ಸೋತದ್ದನ್ನು ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಕಿತ್ತರೆ ಪಕ್ಕದ್ದರ ಬೇರೂ ಅಲುಗಾಡುತ್ತದೆ.

ಒಂದೂವರೆ ತಿಂಗಳ ಹೊತ್ತಿಗೆ ಹೂ ಬರುತ್ತದೆ. ಮೊದಲು ಬರುವುದೆಲ್ಲ ಗಂಡು ಹೂ, ಉದ್ದ ತೊಟ್ಟಿನದು. ಅವು ಉದುರಿದರೆ ಬೇಸರ ಬೇಡ. ನಾಲ್ಕೈದನ್ನು ಜೇನ್ನೊಣಕ್ಕೆ ಬಿಟ್ಟು ಉಳಿದದ್ದನ್ನು ಪೋಡಿ (ಬಜ್ಜಿ) ಮಾಡಿ. ಬುಡದಲ್ಲಿ ಗೋಲಿಯಷ್ಟು ಕಾಯಿ ಹೊತ್ತದ್ದು ಹೆಣ್ಣು ಹೂ, ಅದು ಅರಳಿದ ದಿನ ಬೆಳಿಗ್ಗೆ ಎಂಟು ಗಂಟೆಯ ಒಳಗೆ ಒಂದು ಗಂಡು ಹೂವಿನ ಎಸಳು ಬಿಡಿಸಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ಒಳಗೆ ಮೆಲ್ಲಗೆ ಸವರಿ. ಬಿಸಿಲೇರಿದರೆ ಹೂ ಮುಚ್ಚಿಕೊಳ್ಳುತ್ತದೆ.