ಖಾಲಿ ಬೆಡ್ಡಿನ ಬಾಡಿಗೆ ಯಾರ ತಲೆಗೆ?

ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಆಫೀಸು. ಕೋಲ್ಡ್ ಸ್ಟೋರೇಜು, ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ ಅಂತ ಬ್ಯಾಂಕ್ ಸಾಲಕ್ಕೆ ಹೋಗುವವರಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುತ್ತೇನೆ. ಹೀಗಿರುವಾಗ ಒಂದು ಸರ್ಕಾರಿ ವಿಶ್ವವಿದ್ಯಾಲಯದವರು ಕರೆಸಿದರು. ಹೆಸರು ಬೇಡ. ನಮ್ಮ ಜಿಲ್ಲೆಯಲ್ಲಿ ಅವರ ಒಂದು ಕ್ಯಾಂಪಸ್ ಬೆಳೆಸಬೇಕಿತ್ತು. ಅನುದಾನ ಸಾಲುವುದಿಲ್ಲ, ಖಾಸಗಿಯವರನ್ನು ಸೇರಿಸಿಕೊಂಡು ಪಿಪಿಪಿ, ಅಂದರೆ ಸರ್ಕಾರಿ-ಖಾಸಗಿ ಪಾಲುದಾರಿಕೆ ಮಾಡೋಣ, ಲೆಕ್ಕ ಹಾಕಿಕೊಡಿ ಅಂದರು.

ಕೊಟ್ಟ ಪಟ್ಟಿಯಲ್ಲಿ ಎಲ್ಲವೂ ಇತ್ತು. ಆಡಳಿತ ಕಟ್ಟಡ, ಕ್ಲಾಸ್‌ರೂಮು, ಲ್ಯಾಬು, ಲೈಬ್ರರಿ, ಹಾಸ್ಟೆಲ್ಲು, ಕ್ಯಾಂಟೀನು, ಆಡಿಟೋರಿಯಂ. ಖಾಸಗಿಯವರು ಸಾಲ ತಂದು ಕಟ್ಟಿದರೆ ಆ ಸಾಲ ಬಾಡಿಗೆಯಿಂದಲೇ ತೀರಬೇಕು. ಅದಕ್ಕೆ ನಾನು ಒಂದೊಂದರ ಮುಂದೆಯೂ ಒಂದೇ ಪ್ರಶ್ನೆ ಬರೆದೆ: ಇದಕ್ಕೆ ತಿಂಗಳು ತಿಂಗಳು ದುಡ್ಡು ಕೊಡುವವರು ಯಾರು? ಕ್ಲಾಸ್‌ರೂಮಿಗೆ ಯಾರೂ ಬಾಡಿಗೆ ಕೊಡುವುದಿಲ್ಲ. ಲ್ಯಾಬಿಗೂ ಇಲ್ಲ. ಅವು ಸರ್ಕಾರದ ದುಡ್ಡಿನಲ್ಲೇ ಆಗಬೇಕು. ರಾಜ್ಯದ ಅನುದಾನ ಇದೆ. ಉನ್ನತ ಶಿಕ್ಷಣಕ್ಕೆ ಕೇಂದ್ರದ ಯೋಜನೆ ಅಂತ ಹಿಂದೆ ರೂಸಾ ಇತ್ತು, 2023ರಲ್ಲಿ ಅದು ಪಿಎಂ-ಉಷಾ ಆಯಿತು. ಅದರಲ್ಲಿ ಕೇಂದ್ರದ್ದು 60, ರಾಜ್ಯದ್ದು 40. ಆಡಿಟೋರಿಯಂ ಅನ್ನು ಮದುವೆಗೆ ಬಾಡಿಗೆಗೆ ಬಿಡಬಹುದಲ್ವಾ ಅಂತ ಒಬ್ಬರು ಕೇಳಿದರು. ಬಿಡಬಹುದು. ಆದರೆ ಪರೀಕ್ಷೆ ದಿನ ಪಕ್ಕದಲ್ಲೇ ವಾಲಗ ಊದಿದರೆ ಯಾರಿಗೆ ಹೇಳುವುದು? ಕೊನೆಗೆ ಪಟ್ಟಿಯಲ್ಲಿ ಉಳಿದದ್ದು ಹಾಸ್ಟೆಲ್ಲು ಮತ್ತು ಕ್ಯಾಂಟೀನು.

ಇಲ್ಲೇ ಒಂದು ಗೊಂದಲ ಬಿಡಿಸಬೇಕಾಯಿತು. ಮೀಟಿಂಗಿನಲ್ಲಿ ಒಬ್ಬರು ಧಾರವಾಡದ ಐಐಐಟಿ ನೋಡಿ, ಅದೂ ಪಿಪಿಪಿ ತಾನೇ ಅಂದರು. ಹೌದು, ಹೆಸರಿಗೆ ಅದೂ ಪಿಪಿಪಿ. ಆ ಯೋಜನೆಯಲ್ಲಿ ಒಂದೊಂದು ಐಐಐಟಿಗೆ 128 ಕೋಟಿ ರೂಪಾಯಿ ಬಂಡವಾಳ. ಕೇಂದ್ರದ್ದು 50, ರಾಜ್ಯದ್ದು 35, ಉದ್ಯಮದ್ದು 15 ಪರ್ಸೆಂಟು. ಆದರೆ ಆ 15 ಕೊಟ್ಟವರು ಬಡ್ಡಿ, ಲಾಭ ಕೇಳುವುದಿಲ್ಲ. ಧಾರವಾಡದಲ್ಲಿ ಉದ್ಯಮದ ಪಾಲುದಾರ ಕಿಯೋನಿಕ್ಸ್, ಅಂದರೆ ನಮ್ಮ ರಾಜ್ಯ ಸರ್ಕಾರದ್ದೇ ಕಂಪನಿ! ಇನ್ನೊಬ್ಬರು ಅಮೆರಿಕದ ಯುಸಿ ಮರ್ಸೆಡ್ ಬಗ್ಗೆ ಓದಿಕೊಂಡು ಬಂದಿದ್ದರು. ಅಲ್ಲಿ ಸುಮಾರು 130 ಕೋಟಿ ಡಾಲರ್ ಯೋಜನೆಯಲ್ಲಿ ಖಾಸಗಿ ತಂಡ ಲ್ಯಾಬು, ಕ್ಲಾಸು, ಹಾಸ್ಟೆಲ್ಲು ಎಲ್ಲವನ್ನೂ ಕಟ್ಟಿ 2020ರಲ್ಲಿ ಮುಗಿಸಿತು. ಕಟ್ಟಡ ಸುಸ್ಥಿತಿಯಲ್ಲಿ ಇರುವಷ್ಟು ಕಾಲ ವಿಶ್ವವಿದ್ಯಾಲಯ ವರ್ಷ ವರ್ಷ ಹಣ ಕಟ್ಟುತ್ತದೆ. ಅದು ಚೆನ್ನಾಗಿದೆ, ಸರಿ. ಆದರೆ ದಶಕಗಳ ಕಾಲ ತಪ್ಪದೆ ಕಟ್ಟುತ್ತೇವೆ ಅಂತ ಸಹಿ ಹಾಕಲು ಸ್ವಂತ ಆದಾಯ ಬೇಕಲ್ಲ. ವಿಶ್ವವಿದ್ಯಾಲಯದ ಫೈನಾನ್ಸ್ ಆಫೀಸರ್ ಪೆನ್ನಿನ ಕ್ಯಾಪ್ ಹಾಕಿ ಜೇಬಿಗಿಟ್ಟುಕೊಂಡರು.

ಹಾಸ್ಟೆಲ್ಲಿನ ಲೆಕ್ಕಕ್ಕೆ ಬರೋಣ. ನಮ್ಮ ಒಪ್ಪಂದದ ಅಂಕಿ ಬಿಟ್ಟು ಸುಲಭದ ಅಂಕಿ ತೆಗೆದುಕೊಳ್ಳುತ್ತೇನೆ. 400 ಬೆಡ್ಡಿನ ಹಾಸ್ಟೆಲ್ಲಿಗೆ 20 ಕೋಟಿ ಸಾಲ, ಬಡ್ಡಿ 10 ಪರ್ಸೆಂಟು, 15 ವರ್ಷ. ಕಂತು ತಿಂಗಳಿಗೆ ಸುಮಾರು 21.5 ಲಕ್ಷ. ಬ್ಯಾಂಕಿಗೆ 12 ತಿಂಗಳೂ ಕಟ್ಟಬೇಕು, ಮಕ್ಕಳು ಇರುವುದು 10 ತಿಂಗಳು. ಆಗ ಒಂದು ಬೆಡ್ಡಿನ ಮೇಲೆ ಸಾಲದ ಭಾರವೇ ತಿಂಗಳಿಗೆ ಸುಮಾರು 6,450 ರೂಪಾಯಿ. ಊಟ, ಕರೆಂಟು, ವಾರ್ಡನ್ನು ಯಾವುದೂ ಸೇರಿಲ್ಲ. ಹಾಸ್ಟೆಲ್ಲು 70 ಪರ್ಸೆಂಟು ಮಾತ್ರ ತುಂಬಿದರೆ ಅದೇ 9,200 ದಾಟುತ್ತದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತ ತಂದ ವಿದ್ಯಾಸಿರಿಯಲ್ಲಿ ಸರ್ಕಾರ ಊಟ, ವಸತಿ ಎರಡಕ್ಕೂ ಆಗ ಇಟ್ಟಿದ್ದ ದುಡ್ಡು ತಿಂಗಳಿಗೆ 1,500, ಅದೂ 10 ತಿಂಗಳಿಗೆ. ಎರಡೂ ಅಂಕಿಯನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟೆ. ಬೇರೆ ವಿವರಣೆ ಬೇಕಾಗಲಿಲ್ಲ.

ಕಟ್ಟಡದ ಖರ್ಚಿನಲ್ಲಿ 40 ಪರ್ಸೆಂಟನ್ನು ಯಾರಾದರೂ ಸುಮ್ನೆ ಕೊಟ್ಟರೆ ಆ 6,450 ಹೋಗಿ 3,870 ಆಗುತ್ತದೆ. ಇದಕ್ಕೇ ವಯಬಿಲಿಟಿ ಗ್ಯಾಪ್ ಫಂಡಿಂಗ್ ಅನ್ನುವುದು. 2020ರಲ್ಲಿ ಕೇಂದ್ರ ಇದಕ್ಕೆ ಇದ್ದ ತನ್ನ ಯೋಜನೆಯನ್ನು ಬದಲಿಸಿ, ಶಿಕ್ಷಣ, ಆರೋಗ್ಯದಂಥ ಕ್ಷೇತ್ರಗಳಿಗೆ ಕೇಂದ್ರ 30, ರಾಜ್ಯ 30 ಪರ್ಸೆಂಟಿನ ತನಕ ಕೊಡಬಹುದು ಅಂತ ಮಾಡಿತು. ಆದರೆ ನಮ್ಮಷ್ಟು ಸಣ್ಣ ಕೆಲಸಕ್ಕೆ ಫೈಲು ದೆಹಲಿ ಮುಟ್ಟಿ ವಾಪಸ್ ಬರುವಷ್ಟರಲ್ಲಿ ಸಿಮೆಂಟು, ಕಬ್ಬಿಣದ ರೇಟು ಎಲ್ಲಿಗೆ ಹೋಗಿರುತ್ತದೋ. ಆ 40 ಪರ್ಸೆಂಟಿನ ತನಕ ವಿಶ್ವವಿದ್ಯಾಲಯವೇ ಹಾಕಲಿ, ರೂಮ್ ಬಾಡಿಗೆಯನ್ನು ಟೆಂಡರ್‌ನಲ್ಲೇ ನಿಗದಿ ಮಾಡೋಣ, ಯಾರು ಕಡಿಮೆ ಅನುದಾನ ಕೇಳುತ್ತಾರೋ ಅವರಿಗೆ ಕೆಲಸ ಅಂತ ನಾನು ಬರೆದುಕೊಟ್ಟೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿ, ಅಂದರೆ ಸಿಂಡಿಕೇಟ್ ಒಪ್ಪಿತು.

ಆಮೇಲೆ ಸರ್ವೆ. ಹಾಸ್ಟೆಲ್ ಬೇಕಾ ಅಂತ ಕೇಳಿದರೆ ಎಲ್ಲರೂ ಬೇಕು ಅನ್ನುತ್ತಾರೆ. ಅದಕ್ಕೆ ಬೇರೆ ಥರ ಕೇಳಿದೆವು: ಈಗ ಎಲ್ಲಿ ಉಳಿದಿದ್ದೀರಿ, ತಿಂಗಳಿಗೆ ಎಷ್ಟು ಕೊಡುತ್ತೀರಿ? ಚಿತ್ರವೇ ಬದಲಾಯಿತು. ಕೆಲವರು ಬಿಸಿಎಂ ಹಾಸ್ಟೆಲ್ಲಿನಲ್ಲೋ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲೋ ಖರ್ಚಿಲ್ಲದೆ ಇದ್ದರು. ಕೆಲವರು ಪಿಜಿಯಲ್ಲಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹತ್ತಿರದ ಊರಿನ ಹೆಣ್ಣುಮಕ್ಕಳಲ್ಲಿ ತುಂಬಾ ಜನ ಮನೆಯಿಂದಲೇ ಓಡಾಡುತ್ತಿದ್ದರು. ಗುಡಿಬಂಡೆಯ ಒಬ್ಬ ಹುಡುಗಿ ಫಾರ್ಮಿನ ಕೆಳಗೆ ಬರೆದಿದ್ದಳು: ‘ಬಸ್ಸು ಫ್ರೀ, ಅಮ್ಮನ ಊಟ ಫ್ರೀ, ಹಾಸ್ಟೆಲ್ ಯಾಕೆ ಸಾರ್?’ ನಿಜವಾಗಿ ಬೇಕಿದ್ದದ್ದು ಸರಿಯಾಗಿ ಬಸ್ಸಿಲ್ಲದ ಹಳ್ಳಿಗಳ ಮಕ್ಕಳಿಗೆ, ಉತ್ತರ ಕರ್ನಾಟಕದಿಂದ ಬಂದವರಿಗೆ. 400 ಬೆಡ್ಡು ಅಂತ ಹೊರಟಿದ್ದು 240ಕ್ಕೆ ಇಳಿಯಿತು.

ಅಷ್ಟಾದರೂ ಟೆಂಡರ್ ಹಾಕುವವರ ಜೊತೆ ಮುಂಚೆ ನಡೆಯುವ ಪ್ರಿ-ಬಿಡ್ ಮೀಟಿಂಗಿನಲ್ಲಿ ಜಗಳ ಶುರುವಾದದ್ದು ಬೆಡ್ಡಿನ ಮೇಲೆಯೇ. ಚಿಂತಾಮಣಿ ಕಡೆಯ ಬಿಲ್ಡರ್ ಒಬ್ಬರು ಎದ್ದು ನಿಂತರು. ‘ಸಾರ್, ಕಟ್ಟೋದು ನನ್ನ ಜವಾಬ್ದಾರಿ, ಒಪ್ಪಿದೆ. ಮಕ್ಕಳನ್ನ ತರೋದು ನನ್ನ ಕೈಲಿದೆಯಾ? ಕೋರ್ಸ್ ಮುಚ್ಚೋರು ನೀವು, ಅಡ್ಮಿಷನ್ ಲೇಟ್ ಮಾಡೋರು ನೀವು. ಬ್ಯಾಂಕಿನವನು ನನ್ನ ಮನೆ ಮುಂದೆ ನಿಲ್ತಾನೆ.’ ಫೈನಾನ್ಸ್ ಆಫೀಸರ್ ಬಿಡಲಿಲ್ಲ. ‘ಸಾಂಬಾರು ನೀರಾಗಿದೆ ಅಂತ ಮಕ್ಕಳು ಬಿಟ್ಟುಹೋದರೆ ಅದನ್ನೂ ನಾವೇ ತುಂಬಿಕೊಡಬೇಕಾ?’

ಇಬ್ಬರ ಮಾತೂ ಸರಿಯಾಗಿಯೇ ಇತ್ತು. ಬೇರೆ ಕಡೆ ಮಾಡುವಂತೆ ಇಷ್ಟು ಪರ್ಸೆಂಟು ತುಂಬಿಸುತ್ತೇವೆ ಅಂತ ಒಂದೇ ಗ್ಯಾರಂಟಿ ಬರೆಯುವುದು ಸುಲಭ. ಹಾಗೆ ಮಾಡಿದರೆ ಬಿಲ್ಡರ್‌ಗೆ ಹಾಸ್ಟೆಲ್ ಚೆನ್ನಾಗಿ ನಡೆಸುವ ದರ್ದೇ ಇರುವುದಿಲ್ಲ. ಅದಕ್ಕೆ ಖಾಲಿ ಬೆಡ್ಡನ್ನು ಎರಡು ಭಾಗ ಮಾಡಿದೆವು. ವಿಶ್ವವಿದ್ಯಾಲಯದ ಅಡ್ಮಿಷನ್ ಪಟ್ಟಿಯೇ ಒಂದು ಸಂಖ್ಯೆಗಿಂತ ಕೆಳಗೆ ಬಂದರೆ, ಇಲ್ಲವೇ ತರಗತಿ ತಡವಾಗಿ ಶುರುವಾದರೆ, ಆ ನಷ್ಟ ವಿಶ್ವವಿದ್ಯಾಲಯದ್ದು. ಪಟ್ಟಿ ತುಂಬಿದ್ದೂ ಬೆಡ್ಡು ಖಾಲಿ ಇದ್ದರೆ ಅದು ಬಿಲ್ಡರ್‌ದು. ಪಿಪಿಪಿ ಅಂದರೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದೇ ದೊಡ್ಡ ಮಾತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಇಡೀ ಒಪ್ಪಂದದಲ್ಲಿ ಜಾಸ್ತಿ ತಲೆಕೆಡಿಸಿದ್ದು ಈ ಒಂದೂವರೆ ಪುಟ.

ನೀರಿನದ್ದು ಇನ್ನೊಂದು ಕಥೆ. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಬಿಡುವ ಎಚ್‌ಎನ್ ವ್ಯಾಲಿ ನೀರು ಕೆರೆಗೆ ಬರುತ್ತದೆ, ಅದು ಕುಡಿಯುವುದಕ್ಕಲ್ಲ. ಹಾಸ್ಟೆಲ್ಲಿಗೆ ತಲೆಗೆ ದಿನಕ್ಕೆ 135 ಲೀಟರು ಅನ್ನುವುದು ಎಂಜಿನಿಯರುಗಳ ಲೆಕ್ಕ. 240 ಜನಕ್ಕೆ 32,400 ಲೀಟರು. ಬೋರು ಕೈಕೊಟ್ಟ ದಿನ 6,000 ಲೀಟರಿನ ಟ್ಯಾಂಕರು ಐದಾರು ಬರಬೇಕು. ಮೊದಲ ಕರಡಿನಲ್ಲಿ ‘ನೀರು ಸರಬರಾಜು ಬಿಲ್ಡರ್ ಜವಾಬ್ದಾರಿ’ ಅಂತ ಒಂದೇ ಸಾಲು ಇತ್ತು. ಹಾಗೇ ಬಿಟ್ಟರೆ ಮಾರ್ಚ್, ಏಪ್ರಿಲ್ ಟ್ಯಾಂಕರ್ ಖರ್ಚನ್ನೆಲ್ಲ ಟೆಂಡರ್ ಹಾಕುವವರು ಮೊದಲೇ ರೇಟಿಗೆ ಸೇರಿಸಿಕೊಳ್ಳುತ್ತಾರೆ, ಬೇಕಾದರೂ ಬೇಡವಾದರೂ. ಕೊನೆಗೆ ಬೋರು, ಮಳೆನೀರಿನ ಸಂಪು, ಆರ್‌ಒ ಪ್ಲಾಂಟು ಬಿಲ್ಡರ್‌ಗೆ, ಬೋರು ಬತ್ತಿದೆ ಅಂತ ಎಂಜಿನಿಯರ್ ಬರೆದುಕೊಟ್ಟ ಮೇಲಿನ ಟ್ಯಾಂಕರ್ ಬಿಲ್ಲು ಇಬ್ಬರಿಗೂ ಅರ್ಧರ್ಧ ಅಂತಾಯಿತು.

ಬ್ಯಾಂಕು ಮೊದಲು ಕೇಳಿದ್ದು ಜಮೀನು ಅಡ ಇಡಿ ಅಂತ. ವಿಶ್ವವಿದ್ಯಾಲಯದ ಜಮೀನು ಅಡ ಇಡೋದು ಸಾಧ್ಯವೇ ಇಲ್ಲ ಅಂತ ನಾವು ಮೊದಲ ದಿನವೇ ಹೇಳಿಬಿಟ್ಟಿದ್ದೆವು. ಬದಲಿಗೆ ಎಸ್ಕ್ರೋ ಖಾತೆ. ಮಕ್ಕಳು ಕಟ್ಟುವ ಪ್ರತಿ ರೂಪಾಯಿ ಅಲ್ಲಿಗೆ ಹೋಗುತ್ತದೆ. ಮೊದಲು ತೆರಿಗೆ, ಆಮೇಲೆ ನಡೆಸುವ ಖರ್ಚು, ಆಮೇಲೆ ಬ್ಯಾಂಕಿನ ಕಂತು, ಕೊನೆಗೆ ಮಿಕ್ಕಿದ್ದು ಬಿಲ್ಡರ್‌ಗೆ. ಬಿಲ್ಡರ್ ಕೈ ಎತ್ತಿದರೆ ಬ್ಯಾಂಕು ಅವರ ಜಾಗಕ್ಕೆ ಬೇರೆಯವರನ್ನು ತರಬಹುದು. ಜಮೀನು ಮಾತ್ರ ಅಲ್ಲಾಡುವುದಿಲ್ಲ. 2024ರ ಜುಲೈನಲ್ಲಿ ಇನ್ನೊಂದು ಅನುಕೂಲವಾಯಿತು. ತಿಂಗಳಿಗೆ 20,000 ರೂಪಾಯಿ ಒಳಗಿನ ಬಾಡಿಗೆಗೆ, 90 ದಿನ ಎಡೆಬಿಡದೆ ಉಳಿಯುವವರಿಗೆ ಜಿಎಸ್‌ಟಿ ಇಲ್ಲ ಅಂತಾಯಿತು. ಅಲ್ಲಿಯ ತನಕ ಹೊರಗಿನವರು ನಡೆಸುವ ಹಾಸ್ಟೆಲ್ಲಿಗೆ ಜಿಎಸ್‌ಟಿ ಬೀಳುತ್ತದೆ ಅಂತಲೇ ಇಟ್ಟುಕೊಂಡು ನಾನು ಲೆಕ್ಕ ಹಾಕಿದ್ದೆ.

ಈಗ ಅವರಿಗೆ ಸ್ಟಾಫ್ ಕ್ವಾರ್ಟರ್ಸನ್ನೂ ಇದೇ ಥರ ಕಟ್ಟಿಸುವ ಆಸೆ. ಬಾಡಿಗೆಯನ್ನು ಸಂಬಳದಲ್ಲೇ ಹಿಡಿಯಬಹುದು, ವಸೂಲಿಯ ತಲೆನೋವಿಲ್ಲ ಅನ್ನುತ್ತಾರೆ. ಮಕ್ಕಳಿಗೆ ಕೇಳಿದ್ದ ಎರಡೇ ಪ್ರಶ್ನೆಯನ್ನು ಮೇಷ್ಟ್ರುಗಳಿಗೂ ಕಳಿಸಿದ್ದೇನೆ: ಈಗ ಎಲ್ಲಿದ್ದೀರಿ, ಬಾಡಿಗೆ ಎಷ್ಟು? ಇಲ್ಲಿಯವರೆಗೆ ಬಂದ ಉತ್ತರಗಳಲ್ಲಿ ಯಲಹಂಕವೇ ಜಾಸ್ತಿ.