ಒಬ್ಬರೇ ಹಾಯಿದೋಣಿ ನಡೆಸೋ ಹುಚ್ಚು ಹಿಡಿದಿದ್ರೆ ಮಾಂಡವಿಯಿಂದ ಶುರು ಮಾಡಿ

ನಮ್ಮ ಹುಬ್ಬಳ್ಳಿ ಕಡೆಯವರಿಗೆ ಮಹದಾಯಿ ಅಂದ್ರೆ ಕುಡಿಯೋ ನೀರು, ಬಂದ್, ಟ್ರಿಬ್ಯುನಲ್, ಅಷ್ಟೇ. ನಾನೂ ಹಂಗೇ ತಿಳ್ಕೊಂಡು ವಾಸ್ಕೋಗೆ ಕೆಲಸಕ್ಕೆ ಬಂದೋನು. ಇಲ್ಲಿ ಬಂದಮೇಲೆ ಗೊತ್ತಾಯ್ತು, ಖಾನಾಪುರದ ಕಾಡಲ್ಲಿ ಹುಟ್ಟೋ ಅದೇ ನದಿ ಇಲ್ಲಿ ಮಾಂಡವಿ ಅನ್ನಿಸ್ಕೊಂಡು ಪಣಜಿ ಹತ್ರ ಸಮುದ್ರ ಸೇರುತ್ತೆ, ನದಿ ನಡುವಿನ ದಿವಾರ್ ದ್ವೀಪದ ಶಿಪ್‌ಯಾರ್ಡಲ್ಲಿ ಮ್ಹಾದೆಯಿ ಅಂತ ಅದೇ ಹೆಸರಿಟ್ಟು 56 ಅಡಿ ಹಾಯಿದೋಣಿ ಕಟ್ಟಿದ್ರು, ನೌಕಾಪಡೆಯ ದಿಲೀಪ್ ದೋಂದೆ 2009ರ ಆಗಸ್ಟಲ್ಲಿ ಮುಂಬೈಯಿಂದ ಒಬ್ಬರೇ ಅದನ್ನ ತಗೊಂಡು ಹೊರಟು ದಾರಿಯಲ್ಲಿ ನಾಲ್ಕು ಬಂದರಲ್ಲಿ ನಿಂತು 2010ರ ಮೇನಲ್ಲಿ ಭೂಮಿ ಸುತ್ತಿ ವಾಪಸ್ ಬಂದ್ರು. ಆಮೇಲೆ ಅಭಿಲಾಷ್ ಟಾಮಿ ಅದೇ ದೋಣಿಯಲ್ಲಿ 2012ರ ನವೆಂಬರಿಂದ 2013ರ ಮಾರ್ಚ್‌ವರೆಗೆ, ಎಲ್ಲೂ ನಿಲ್ಲದೇ.

ಇದನ್ನ ಕೇಳಿದ್ಮೇಲೆ ತಲೆ ಕೆಡದೇ ಇರುತ್ತಾ? ಕೆಟ್ಟಿತು. ಆದರೆ ನಾನು ಶುರು ಮಾಡಿದ್ದೇ ಉಲ್ಟಾ. ಮೊದಲು ಗ್ಲೌಸ್ ತಗೊಂಡೆ, ರಬ್ಬರ್ ಶೂ ತಗೊಂಡೆ, ದಿಕ್ಸೂಚಿ ಇರೋ ವಾಚ್ ತಗೊಂಡೆ, ದೋಣಿ ಹತ್ತಿದ್ದು ಮಾತ್ರ ಒಂದು ವರ್ಷ ಆದ್ಮೇಲೆ. ನೀವು ಹಂಗೆ ಮಾಡ್ಬೇಡಿ ಅಂತಲೇ ಇದನ್ನ ಬರೀತಿರೋದು. ಲೈಫ್ ಜಾಕೆಟ್ ಒಂದು ಬಿಟ್ರೆ ಮೊದಲ ಆರು ತಿಂಗಳು ಏನೂ ಕೊಳ್ಳೋದು ಬೇಡ, ಹಳೇ ಟೀ ಶರ್ಟ್ ಸಾಕು. ಈಜು ಬರ್ಬೇಕು, ಸ್ವಿಮ್ಮಿಂಗ್ ಪೂಲ್ ಈಜಲ್ಲ, ಬಟ್ಟೆ ಹಾಕ್ಕೊಂಡು ಕಾಲು ನೆಲಕ್ಕೆ ಎಟುಕದ ಕಡೆ ಹತ್ತು ನಿಮಿಷ ತೇಲೋ ಈಜು.

ಯಾವಾಗ ಶುರು ಮಾಡ್ಬೇಕು ಅಂದ್ರೆ ದಸರಾ ದೀಪಾವಳಿ ಟೈಮಲ್ಲಿ. ಅಕ್ಟೋಬರಿಂದ ಮೇವರೆಗೆ ಇಲ್ಲಿ ಸೀಸನ್. ಮಳೆಗಾಲದಲ್ಲಿ ಅಗ್ವಾಡ ಕೋಟೆ ಹತ್ರ ನದಿ ಬಾಯಲ್ಲಿರೋ ಮರಳುದಿಬ್ಬದ ಮೇಲೆ ತೆರೆ ಒಡೆಯೋದನ್ನ ಒಂದು ಸಲ ದಡದಲ್ಲಿ ನಿಂತು ನೋಡಿದ್ರೆ ಯಾಕೆ ಅಂತ ಯಾರೂ ಹೇಳ್ಬೇಕಾಗಿಲ್ಲ. ಸೀಸನ್‌ನಲ್ಲಿ ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ, ಹನ್ನೊಂದು ಹನ್ನೆರಡಕ್ಕೆ ಸತ್ತೇ ಹೋಗುತ್ತೆ, ಮಧ್ಯಾಹ್ನ ವಾಯುವ್ಯದಿಂದ ಸಮುದ್ರದ ಗಾಳಿ ಏಳುತ್ತೆ. ಹೊಸಬರು ಬೆಳಗ್ಗೆ ಹೋಗಿ. ಮುಂಬೈನಲ್ಲಿರೋರು ಕೊಲಾಬಾ ಕಡೆಯ ಕ್ಲಬ್ಬುಗಳಲ್ಲಿ ವಿಚಾರಿಸ್ಬಹುದು, ಆದರೆ ಅಲ್ಲಿ ಉಬ್ಬರ ಇಳಿತದ ವ್ಯತ್ಯಾಸ ಅಮಾವಾಸ್ಯೆ ಹುಣ್ಣಿಮೆಗೆ ನಾಲ್ಕು ಮೀಟರ್ ದಾಟುತ್ತೆ, ಗೋವಾದಲ್ಲಿ ಸುಮಾರು ಎರಡು, ಹಾಗಾಗಿ ಟೈಡ್ ಟೇಬಲ್ ನೋಡೋ ಅಭ್ಯಾಸ ಮುಂಬೈನೋರಿಗೆ ಬೇಗ ಬರುತ್ತೆ, ನೋಡ್ಲಿಲ್ಲ ಅಂದ್ರೆ ಕೆಸರಲ್ಲಿ ಕೂತು ನೀರು ಬರೋವರೆಗೆ ಕಾಯ್ಬೇಕು.

ನನಗೆ ಕಲಿಸಿದ್ದು ಕಾರವಾರದ ಒಬ್ಬ ಹಳೇ ತಾಂಡೇಲ, ಅಂದ್ರೆ ಮೀನು ದೋಣಿಯ ಮುಖ್ಯಸ್ಥ, ಎಲ್ಲರೂ ಮಾಮಾ ಅಂತಾರೆ, ಮೀನು ದೋಣಿ ಬಿಟ್ಟು ಈಗ ದೋಣಿ ರಿಪೇರಿ ಮಾಡ್ಕೊಂಡಿದ್ದಾರೆ. ಮೊದಲ ದಿನ ಅವರು ಚುಕ್ಕಾಣಿ ಮುಟ್ಟೋಕೇ ಬಿಡ್ಲಿಲ್ಲ. ಕಣ್ಣು ಮುಚ್ಕೊಂಡು ಗಾಳಿ ಎಲ್ಲಿಂದ ಬರ್ತಿದೆ ಹೇಳು ಅಂದ್ರು. ಎರಡೂ ಕಿವಿಯಲ್ಲಿ ಒಂದೇ ಸಮ ಸದ್ದು ಕೇಳೋವರೆಗೆ ತಲೆ ತಿರುಗಿಸ್ತಾ ಹೋಗ್ಬೇಕು, ಆಗ ಮುಖ ಸರಿಯಾಗಿ ಗಾಳಿಗೆ ಎದುರಾಗಿರುತ್ತೆ. ಆ ದಿಕ್ಕಿಗೆ ನೇರವಾಗಿ ಹಾಯಿದೋಣಿ ಹೋಗಲ್ಲ, ಆ ಕಡೆ ಈ ಕಡೆ ಹೆಚ್ಚುಕಮ್ಮಿ 45 ಡಿಗ್ರಿವರೆಗೂ ಹೋಗಲ್ಲ, ಅದಕ್ಕೇ ಎದುರುಗಾಳಿಯಲ್ಲಿ ಅಂಕುಡೊಂಕಾಗಿ ಟ್ಯಾಕ್ ಮಾಡ್ತಾ ಹೋಗೋದು. ಎರಡನೇ ಪಾಠ ಹಾಯಿಯ ಹಗ್ಗದ್ದು. ದೋಣಿ ಜಾಸ್ತಿ ವಾಲ್ತು ಅಂದ್ರೆ ಹೊಸಬರು ಗಾಬರಿಗೆ ಹಗ್ಗ ಇನ್ನೂ ಬಿಗಿಯಾಗಿ ಹಿಡ್ಕೋತಾರೆ, ಬಸ್ಸಲ್ಲಿ ರಾಡ್ ಹಿಡ್ಕೊಂಡಂಗೆ. ಅದೇ ತಪ್ಪು. ಮಾಮಾ ಕೂಗ್ತಿದ್ದದ್ದು ಒಂದೇ, "ಬಿಡೋ ಮಾರಾಯಾ, ಹಗ್ಗ ಬಿಡು." ಬಿಟ್ಟ ಕೂಡ್ಲೇ ಹಾಯಿಯೊಳಗಿನ ಗಾಳಿ ಖಾಲಿಯಾಗಿ ದೋಣಿ ತಾನೇ ನೆಟ್ಟಗಾಗುತ್ತೆ.

ಬೇರೆಯವರ ಜತೆ ಕ್ರೂ ಆಗಿ ಹತ್ತು ಹದಿನೈದು ಸಲ ಹೋಗಿ ಬಂದ್ಮೇಲೆ ಒಬ್ಬರೇ ಓಡಿಸೋ ಸಣ್ಣ ಡಿಂಗಿ ತಗೊಳ್ಳಿ, ಲೇಸರ್ ಅಂತಿದ್ರಲ್ಲ, ಈಗ ಇಲ್ಕಾ ಅಂತಾರೆ, ಒಂದು ಹಾಯಿ, ಒಂದು ಹಗ್ಗ, ಒಂದು ಚುಕ್ಕಾಣಿ. ಮಕ್ಕಳಿಗಾದ್ರೆ ಆಪ್ಟಿಮಿಸ್ಟ್. ಮಗುಚೋದನ್ನ ಮೊದಲೇ ಕಲೀಬೇಕು, ಬೇಕಂತಲೇ ಮಗುಚ್ಬೇಕು. ನನ್ನ ಮೊದಲ ಒಂಟಿ ದಿನ ದೋನಾ ಪಾವ್ಲ ಎದುರಿಗೆ ಹಾಯಿ ಈ ಕಡೆಯಿಂದ ಆ ಕಡೆ ಹಾರಿ ಹಾಯಿಯ ಕೆಳಗಿನ ಅಡ್ಡಕೋಲು, ಬೂಮ್, ಕಿವಿ ಮೇಲೆ ಫಟ್ ಅಂತ ಬಿತ್ತು, ಕಣ್ಣು ಬಿಟ್ರೆ ಬಾಯಲ್ಲಿ ಉಪ್ಪುನೀರು, ತಲೆ ಮೇಲೆ ಹಾಯಿ. ಕೈ ಮೇಲೆತ್ತಿ ಬಟ್ಟೆನ ಎತ್ತಿದ್ರೆ ಉಸಿರಾಡೋಷ್ಟು ಜಾಗ ಸಿಗುತ್ತೆ, ಒಂದೇ ಹೊಲಿಗೆ ಗೆರೆ ಹಿಡ್ಕೊಂಡು ಹೊರಗೆ ಬರ್ಬೇಕು. ಹೊರಗೆ ಬಂದು ಮೊದಲು ಹಗ್ಗ ಸಡಿಲ ಮಾಡಿ, ದೋಣಿನ ಮಾತ್ರ ಕೈಬಿಡಬೇಡಿ, ಗಾಳಿಗೆ ಅದು ನಿಮಗಿಂತ ಜೋರಾಗಿ ಹೋಗುತ್ತೆ. ದೋಣಿಯ ಹೊಟ್ಟೆ ಕೆಳಗಿಂದ ಚಾಚಿರೋ ಹಲಗೆ ಮೇಲೆ ಹತ್ತಿ ನಿಂತು ಅಂಚು ಹಿಡ್ಕೊಂಡು ಹಿಂದಕ್ಕೆ ವಾಲಿದ್ರೆ ಮೊದಲು ಏನೂ ಆಗಲ್ಲ, ಏನೂ ಆಗಲ್ಲ, ಆಮೇಲೆ ಮಾಸ್ಟ್, ಅಂದ್ರೆ ಹಾಯಿಕಂಬ, ನಿಧಾನಕ್ಕೆ ನೀರಿಂದ ಬಿಡಿಸ್ಕೊಂಡು ಮೇಲೆ ಬರುತ್ತೆ. ಅವತ್ತು ನನಗೆ ನಾಲ್ಕನೇ ಪ್ರಯತ್ನಕ್ಕೆ ಆಯ್ತು. ಅದಿರು ತುಂಬಿದ ಬಾರ್ಜ್ ಮೇಲಿದ್ದ ಹುಡುಗರು ಚಪ್ಪಾಳೆ ಹೊಡೀತಿದ್ರು, ಅದು ಹೊಗಳಿಕೆ ಅಲ್ಲ ಅನ್ಕೋತೀನಿ.

ಈಗ ದೊಡ್ಡೋರ ವಿಷಯಕ್ಕೆ ಬರೋಣ. ಒಂಟಿಯಾಗಿ ಭೂಮಿ ಸುತ್ತೋರು ಅಂದ್ರೆ ಎದೆಗಾರಿಕೆ ಅಂತ ಎಲ್ಲರೂ ಮಾತಾಡ್ತಾರೆ, ನನಗೇನೋ ಅದು ಅರ್ಧ ಮಾತು ಅನ್ಸುತ್ತೆ. ಅವರೆಲ್ಲ ಮೊದಲು ರಿಪೇರಿಯವರು. ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಸುಹೈಲಿ ದೋಣಿ ಕಟ್ಟಿದ್ದೂ ಮುಂಬೈನಲ್ಲೇ, ತೇಗದ ಮರದ್ದು, 32 ಅಡಿ. 1968ರ ಜೂನ್ 14ಕ್ಕೆ ಇಂಗ್ಲೆಂಡಿನ ಫಾಲ್ಮತ್‌ನಿಂದ ಹೊರಟು 312 ದಿನ ಆದ್ಮೇಲೆ 1969ರ ಏಪ್ರಿಲ್ 22ಕ್ಕೆ ಬಂದ್ರು, ಒಬ್ಬರೇ ಎಲ್ಲೂ ನಿಲ್ಲದೇ ಭೂಮಿ ಸುತ್ತೋ ಗೋಲ್ಡನ್ ಗ್ಲೋಬ್ ರೇಸಿಗೆ ಹೊರಟಿದ್ದ ಒಂಬತ್ತು ಜನದಲ್ಲಿ ಮುಗಿಸಿದ್ದು ಅವರೊಬ್ಬರೇ. ದಾರಿಯಲ್ಲಿ ತಳದ ಹಲಗೆ ಸಂದಿಯಿಂದ ನೀರು ಬರೋಕೆ ಶುರುವಾದಾಗ ನಡುಸಮುದ್ರದಲ್ಲಿ ಕೆಳಗೆ ಮುಳುಗಿ ಸಂದಿಗೆ ಹತ್ತಿ ತುರುಕಿ, ಕ್ಯಾನ್ವಾಸ್ ಬಡಿದು, ಮೇಲೆ ತಾಮ್ರದ ಪಟ್ಟಿ ಹೊಡೆದ್ರು, ಮೈಯ ಬಿಳುಪು ಶಾರ್ಕ್ ಕಣ್ಣಿಗೆ ಬೀಳಬಾರದು ಅಂತ ನೀಲಿ ಶರ್ಟು ಜೀನ್ಸು ಹಾಕ್ಕೊಂಡು. ಆಮೇಲೂ ಸುಮ್ನೆ ಕೂರ್ಲಿಲ್ಲ ಆ ಮನುಷ್ಯ, 67ನೇ ವಯಸ್ಸಲ್ಲಿ 2006ರಲ್ಲಿ ಮತ್ತೆ ಒಂಟಿ ರೇಸಿಗೆ ಹೊರಟು 2007ರಲ್ಲಿ ನಾಲ್ಕನೇ ಜಾಗಕ್ಕೆ ಬಂದ್ರು. ಫ್ರಾನ್ಸಿನ ಜಾನ್-ಲುಕ್ ವಾನ್ ಡೆನ್ ಹೀಡ್ 2018ರ ಗೋಲ್ಡನ್ ಗ್ಲೋಬ್ ಗೆದ್ದಾಗ 73 ವರ್ಷ, ಶಾಂತಸಾಗರದಲ್ಲಿ ದೋಣಿ ಉರುಳಿ ಸಡಿಲವಾದ ಮಾಸ್ಟ್ ಮೇಲೆ ತಾವೇ ಮತ್ತೆ ಮತ್ತೆ ಹತ್ತಿ ಬಿಗಿ ಮಾಡ್ಕೊಂಡು ಬಂದ್ರು. ನಮ್ಮ ಮನೆಯಲ್ಲಿ ಫ್ಯಾನ್ ರೆಗ್ಯುಲೇಟರ್ ಹೋದ್ರೆ ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡ್ತೀವಿ.

ಹಾಗಾಗಿ ಮನೆಯಲ್ಲಿ ಮಾಡೋ ಅಭ್ಯಾಸ ಇದು. ಬೋಲಿನ್ ಗಂಟು, ಕ್ಲೀಟಿಗೆ (ಹಗ್ಗ ಸುತ್ತಿ ಕಟ್ಟೋ ಗೂಟ) ಹಗ್ಗ ಸುತ್ತೋದು, ಎಂಟಂಕಿ ಗಂಟು, ಈ ಮೂರನ್ನ ಲೈಟ್ ಆಫ್ ಮಾಡಿ ಕಟ್ಟಿ, ಆಮೇಲೆ ಒಂದೇ ಕೈಯಲ್ಲಿ ಕಟ್ಟಿ, ಆಮೇಲೆ ನೆನೆಸಿದ ಹಗ್ಗದಲ್ಲಿ. ಹಾಯಿ ಹರಿದ್ರೆ ಹೊಲಿಯೋದು ಕಲೀರಿ, ದಪ್ಪ ಸೂಜಿ ಮೇಣದ ದಾರ ಸಾಕು, ಬೇಕಿದ್ರೆ ಚಪ್ಪಲಿ ಹೊಲಿಯೋರ ಹತ್ರ ಅರ್ಧ ಗಂಟೆ ಕೂತು ನೋಡಿ, ಕೈ ಹೇಗೆ ಹೋಗುತ್ತೆ ಅಂತ ಗೊತ್ತಾಗುತ್ತೆ. ಮತ್ತೆ ದೋಣಿಯಲ್ಲಿರೋ ಯಾವುದೂ ಒಂದೇ ಕೆಲಸಕ್ಕೆ ಅಂತ ಅಂದ್ಕೋಬೇಡಿ, ಅಭಿಲಾಷ್ ಟಾಮಿ 2022ರ ಗೋಲ್ಡನ್ ಗ್ಲೋಬಲ್ಲಿ ಗಾಳಿಯಿಂದ ತಾನೇ ಚುಕ್ಕಾಣಿ ತಿರುಗಿಸೋ ವಿಂಡ್ ವೇನ್ ಕೆಟ್ಟಾಗ ಟಾಯ್ಲೆಟ್ ಬಾಗಿಲನ್ನೇ ಕೊಯ್ದು ಅದಕ್ಕೆ ಬಳಸಿದ್ರು, 236 ದಿನ ಆದ್ಮೇಲೆ ಎರಡನೆಯವರಾಗಿ ಬಂದ್ರು. ಗೆದ್ದೋರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್, ಹೆಂಗಸು, ಆ ರೇಸ್ ಗೆದ್ದ ಮೊದಲನೇ ಹೆಂಗಸು.

ಹಾಯಿ ಸಣ್ಣದು ಮಾಡೋದಕ್ಕೆ ರೀಫ್ ಮಾಡೋದು ಅಂತಾರೆ. ಮಾಡ್ಬೇಕೇನೋ ಅಂತ ಮನಸ್ಸಿಗೆ ಬಂದ ಕ್ಷಣವೇ ಮಾಡಿ. ಇನ್ನೊಂದು ಹತ್ತು ನಿಮಿಷ ನೋಡೋಣ ಅಂದ್ರಿ ಅನ್ಕೊಳ್ಳಿ, ಆಗ ಗಾಳಿ ಜೋರಾಗಿರುತ್ತೆ, ದೋಣಿ ಕುಣೀತಿರುತ್ತೆ, ಎರಡು ಕೈ ಬೇಕಾದ ಕೆಲಸಕ್ಕೆ ನಿಮ್ಮ ಹತ್ರ ಒಂದೇ ಕೈ ಉಳಿದಿರುತ್ತೆ, ಇನ್ನೊಂದು ಕೈ ದೋಣಿ ಹಿಡ್ಕೊಂಡಿರುತ್ತೆ.

ನಿದ್ದೆ ವಿಷಯ ಎಲ್ಲರೂ ಕೇಳ್ತಾರೆ. ಲೆಕ್ಕ ಹೀಗೆ: ದೊಡ್ಡ ಹಡಗು 20 ನಾಟ್‌ನಲ್ಲಿ ಬರ್ತಿದೆ, ನೀವು ಎದುರಿಂದ 5 ನಾಟ್‌ನಲ್ಲಿ ಹೋಗ್ತಿದ್ದೀರಿ, ಅಂದ್ರೆ ಗಂಟೆಗೆ 25 ನಾಟಿಕಲ್ ಮೈಲಿ ಅಂತರ ಕರಗುತ್ತೆ. ಎಂಟು ಮೈಲಿ ದೂರದಲ್ಲಿ ಅದರ ದೀಪ ಕಂಡ್ರೆ ನಿಮ್ಮ ಹತ್ರ ಬರೋಕೆ 19 ನಿಮಿಷ. ಅದಕ್ಕೇ ಹಡಗು ಓಡಾಡೋ ಕಡೆ ಒಂಟಿ ನಾವಿಕರು ಹದಿನೈದು ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಕೊಂಡು ಎದ್ದು ಸುತ್ತ ನೋಡಿ ಮತ್ತೆ ಮಲಗ್ತಾರೆ. ಸುತ್ತಲಿನ ಹಡಗು ಎಲ್ಲಿವೆ ಅಂತ ರೇಡಿಯೊದಲ್ಲಿ ತಿಳಿಸೋ ಎಐಎಸ್ ಇದ್ರೆ ಅದೂ ಕೂಗುತ್ತೆ, ಆದರೆ ಮೀನು ದೋಣಿಗಳಲ್ಲಿ ಎಷ್ಟೋ ಸಲ ಅದು ಇರಲ್ಲ, ನಮ್ಮ ಕರಾವಳಿಯಲ್ಲಂತೂ ರಾತ್ರಿ ಬಲೆ ಬೇರೆ. ನಾನು ಒಂದು ಭಾನುವಾರ ರಾತ್ರಿ ಮನೆಯಲ್ಲೇ ಟ್ರೈ ಮಾಡಿದೆ. ಮೂರನೇ ಅಲಾರಂಗೆ ನಮ್ಮ ಮನೆಯವರು ಎದ್ದು ಕೂತು "ಹಾಲ್‌ನ್ಯಾಗ ಹೋಗಿ ಸಮುದ್ರಯಾನ ಮಾಡ್ರಿ" ಅಂದ್ರು. ಹಾಲ್‌ನಲ್ಲೂ ಬೆಳಗ್ಗೆ ನಾಲ್ಕಕ್ಕೆ ಅಲಾರಂ ಆಫ್ ಮಾಡಿದ್ದು ನೆನಪೇ ಇಲ್ಲ, ಏಳಕ್ಕೆ ಎದ್ದೆ. ನಿಜವಾದ ಸಮುದ್ರ ಆಗಿದ್ರೆ ಅಷ್ಟೊತ್ತಿಗೆ ಒಂಬತ್ತು ಹಡಗಿಗೆ ಅವಕಾಶ ಕೊಟ್ಟಿರ್ತಿದ್ದೆ. ಒಂದು ರಾತ್ರಿ ಇದನ್ನ ಮಾಡಿ ನೋಡಿದ್ರೆ ನಿಮ್ಮ ಹುಚ್ಚು ಎಷ್ಟು ಗಟ್ಟಿ ಅನ್ನೋದು ಖರ್ಚಿಲ್ಲದೇ ಗೊತ್ತಾಗುತ್ತೆ.

ನದಿ ಬಿಟ್ಟು ಹೊರಗೆ ಕ್ಯಾಬಿನ್ ಇರೋ ದೋಣಿಯಲ್ಲಿ ಒಬ್ಬರೇ ಹೋಗೋ ಹಂತ ಬಂತು ಅಂದ್ರೆ ನಿಮ್ಮನ್ನ ದೋಣಿಗೆ ಕಟ್ಟೋ ಹಗ್ಗ, ಟೆದರ್, ಕಟ್ಕೊಳ್ಳದೇ ಕ್ಯಾಬಿನ್‌ನಿಂದ ಹೊರಗೆ ಕಾಲಿಡಬೇಡಿ. ಮೈಗೆ ಹಾರ್ನೆಸ್, ಹಾರ್ನೆಸ್‌ನಿಂದ ದೋಣಿ ಉದ್ದಕ್ಕೂ ಬಿಗಿದ ಪಟ್ಟಿಗೆ ಕೊಂಡಿ. ಆಟೋ ಪೈಲಟ್ ಮೇಲೆ ಹೋಗ್ತಿರೋ ದೋಣಿಯಿಂದ ಬಿದ್ರೆ ಅದು ನಿಮಗೋಸ್ಕರ ನಿಲ್ಲಲ್ಲ. ಟೆದರ್ ಗಿಡ್ಡ ಇರ್ಲಿ, ನೀರಿಗೆ ಬೀಳೋಕೇ ಬಿಡಬಾರದು. ಬಿದ್ಮೇಲೆ ಎಳ್ಕೊಂಡು ಹೋಗೋ ಟೆದರ್‌ನಿಂದ ಏನು ಉಪಯೋಗ.

ಹೊರಡೋ ಮೊದಲು ಮನೆಯಲ್ಲಿ ಒಂದು ಚೀಟಿ ಬರೆದಿಡಿ: ಎಲ್ಲಿಂದ, ಯಾವ ದಾರಿ, ಎಷ್ಟೊತ್ತಿಗೆ ವಾಪಸ್, ಎಷ್ಟೊತ್ತಿಗೆ ಬರದಿದ್ರೆ 1554ಕ್ಕೆ ಫೋನ್ ಮಾಡ್ಬೇಕು. ಅದು ಕೋಸ್ಟ್ ಗಾರ್ಡ್ ನಂಬರ್. ದೋಣಿಯಲ್ಲಿ ವಿಎಚ್‌ಎಫ್ ರೇಡಿಯೊ 16ನೇ ಚಾನೆಲಲ್ಲಿ ಇರ್ಲಿ, ದೂರ ಹೋಗೋರಿಗೆ ಉಪಗ್ರಹಕ್ಕೆ ಸಿಗ್ನಲ್ ಕಳಿಸೋ ಎಪರ್ಬ್ ಬೇಕೇ ಬೇಕು. 2018ರ ಸೆಪ್ಟೆಂಬರಲ್ಲಿ ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಅಭಿಲಾಷ್ ಅವರ ತುರೀಯ ದೋಣಿ ಬಿರುಗಾಳಿಗೆ ಉರುಳಿ ಮಾಸ್ಟ್ ಮುರೀತು, ಅವರ ಬೆನ್ನುಮೂಳೆಗೂ ಪೆಟ್ಟಾಯ್ತು, ಎದ್ದು ನಿಲ್ಲೋಕಾಗದೇ ಮಲಗಿದ್ದವರನ್ನ ಮೂರು ದಿನ ಆದ್ಮೇಲೆ ಒಸಿರಿಸ್ ಅನ್ನೋ ಫ್ರೆಂಚ್ ಹಡಗು ಎತ್ಕೊಂಡಿತು. ಎಲ್ಲಿದ್ದಾರೆ ಅಂತ ಜಗತ್ತಿಗೆ ಗೊತ್ತಿದ್ದಿದ್ದಕ್ಕೆ ಅದು ಆಯ್ತು. ಆ ತುರೀಯ ಕೂಡ ಗೋವಾದಲ್ಲೇ ಕಟ್ಟಿದ್ದು, ಸುಹೈಲಿಯದೇ ನಕಲು.

ಊಟ? ಮೊದಲ ಒಂದು ವರ್ಷ ನಿಮ್ಮ ಯಾನ ಮೂರು ಗಂಟೆ ದಾಟಲ್ಲ, ಅವಲಕ್ಕಿ ಬಾಳೆಹಣ್ಣು ಎರಡು ಲೀಟರ್ ನೀರು, ಮುಗೀತು.

ಸಂಜೆ ದಡಕ್ಕೆ ಬಂದ್ಮೇಲೆ ಸುಸ್ತಾಗಿದೆ ಅಂತ ಹಂಗೇ ಬಿಟ್ಟು ಹೋಗಬೇಡಿ. ಹಗ್ಗ, ಕೊಂಡಿ, ಪುಲ್ಲಿ, ಚುಕ್ಕಾಣಿಯ ಪಿನ್ನು, ಎಲ್ಲಾ ಸಿಹಿನೀರಲ್ಲಿ ತೊಳೀಬೇಕು, ಉಪ್ಪು ಒಣಗಿದ್ರೆ ಮುಂದಿನ ವಾರ ಪುಲ್ಲಿ ತಿರುಗಲ್ಲ. ಹಾಯಿನ ಒದ್ದೆ ಇರೋವಾಗ ಮಡಚಬೇಡಿ, ನೆರಳಲ್ಲಿ ಒಣಗಿಸಿ. ಮಾಮಾ ತೊಳೀತಾ ತೊಳೀತಾ ಒಂದೊಂದು ಕೊಂಡಿನೂ ಬೆರಳಲ್ಲಿ ತಿರುಗಿಸಿ ನೋಡ್ತಾರೆ, ಸಡಿಲ ಇರೋದನ್ನ ಪಕ್ಕಕ್ಕಿಡ್ತಾರೆ, ಅವತ್ತು ರಾತ್ರಿನೇ ಅದು ರಿಪೇರಿ ಆಗಿರುತ್ತೆ. ನಾನೂ ಈಗ ಹಂಗೇ ಮಾಡ್ತೀನಿ, ಆದರೆ ರಾತ್ರಿ ಅಲ್ಲ, ಮಾರನೇ ದಿನ ಡ್ಯೂಟಿ ಮುಗಿಸ್ಕೊಂಡು.